ಹಂದಿಗೆ ದುರ್ಬೀನು
ಕಾಡಹಂದಿ ಕಾಟಕ್ಕೆ ಪರಿಹಾರ ಹೇಳುವವರು ಈಗ ಹೊಲಕ್ಕೆ ಬರಬೇಕಾಗಿಲ್ಲ. ನಿಪ್ಪಾಣಿಯ ಚಹಾದಂಗಡಿಯಲ್ಲಿ ಕೂತು, ಅಮೆರಿಕದವನೊಬ್ಬ ಅರ್ಧ ಕಿಲೋಮೀಟರ್ ಆಚೆಯ ಪ್ರೇರಿ ಡಾಗ್ ಎಂಬ ಅಳಿಲಿನಂಥ ಬಡಪ್ರಾಣಿಯನ್ನು ಉರುಳಿಸುವ ವಿಡಿಯೊ ನೋಡಿದರಾಯಿತು.

‘ಇಂಥಾದೊಂದು ದುರ್ಬೀನಿನ ರೈಫಲ್ ಇದ್ರ ಸಾಕ ನೋಡ್ರಿ, 300 ಮೀಟರ್ ದೂರದಿಂದ ಹಂದಿ ಹಣೀಗೇ!’

‘ಸಾಹೇಬ್ರ, ಅಷ್ಟರಾಗ ನಡುವ ಮೂರು ಮಂದಿ ಹೊಲಾ ಬರ್ತಾವ್ರಿ’ ಎಂದ ಕಬ್ಬಿನ ರೈತ. ಸಾಹೇಬರಿಗೆ ಕೇಳಿಸಲಿಲ್ಲ, ಅವರು ಇನ್ನೂ ಅಮೆರಿಕದಲ್ಲಿದ್ದರು.

ಲೆಕ್ಕವನ್ನೇ ನೋಡಿ. ಒಳ್ಳೆಯ ರೈಫಲ್‌ನ ಗುಂಡುಗಳು 100 ಮೀಟರಿಗೆ 3 ಸೆಂಟಿಮೀಟರ್ ಹರಡಿದರೆ 300ಕ್ಕೆ 9. ಅದೂ ಬೆಂಚಿನ ಮೇಲೆ, ಗಾಳಿಯಿಲ್ಲದಾಗ, ಕಾಗದದ ಹಂದಿಗೆ. ಗುಂಡು ಅಲ್ಲಿಗೆ ಮುಟ್ಟಲು ಸುಮಾರು 0.4 ಸೆಕೆಂಡು ಬೇಕು. ಗಂಟೆಗೆ 36 ಕಿಲೋಮೀಟರ್ ಓಡುವ ಹಂದಿ ಅಷ್ಟರಲ್ಲಿ 4 ಮೀಟರ್ ಮುಂದಿರುತ್ತದೆ. ವೇದಗಂಗಾ, ದೂಧಗಂಗಾ ದಂಡೆಯ ಆಳೆತ್ತರ ಮೀರಿದ ಕಬ್ಬಿನಲ್ಲಂತೂ ಮೂರು ಮಾರಿನಾಚೆ ಹಂದಿಯೂ ಕಾಣದು, ಬಗ್ಗಿ ನೀರು ಹಾಯಿಸುವವನೂ ಕಾಣ. ನೀರೆತ್ತುವ ಪಂಪಿಗೆ ತ್ರೀಫೇಸ್ ಕರೆಂಟು ಕೊಡುವವರು ಹಂದಿಯ ವೇಳಾಪಟ್ಟಿ ನೋಡಿಕೊಂಡೇ ರಾತ್ರಿ ಕೊಡುತ್ತಾರೆ. ಹಂದಿಯೆಂದು ತಿಳಿದು ಮನುಷ್ಯನಿಗೇ ಗುಂಡು ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಿಗೆ ಹೊಸದಲ್ಲ.

ದೂರದ ಗುರಿಯ ದೊಡ್ಡ ಅನುಕೂಲ ಬೇರೆಯೇ ಇದೆ. ಹೊಟ್ಟೆಗೆ ಗುಂಡು ಬಿದ್ದ ಪ್ರಾಣಿ ಯಾವ ಬದುವಿನಲ್ಲಿ ಎರಡು ದಿನ ನರಳಿತೆಂದು ಹೊಡೆದವನು ಹೋಗಿ ನೋಡಬೇಕಾಗಿಲ್ಲ. ಬಿಹಾರದ ಮೊಕಾಮಾದಲ್ಲಿ 2016ರಲ್ಲಿ ಹೈದರಾಬಾದಿನಿಂದ ಗುರಿಕಾರರನ್ನು ಕರೆಸಿ, ಬೆಳೆ ತಿನ್ನುತ್ತವೆಂದು ಇನ್ನೂರಕ್ಕೂ ಹೆಚ್ಚು ನೀಲಗಾಯಿ ಉರುಳಿಸಿದರು. ಇದಕ್ಕಾಗಿ ದೆಹಲಿಯಲ್ಲಿ ಮೇನಕಾ ಗಾಂಧಿ, ಪ್ರಕಾಶ್ ಜಾವಡೇಕರ್ ಎಂಬ ಒಂದೇ ಸಂಪುಟದ ಇಬ್ಬರು ಪರಸ್ಪರ ಗುರಿಯಿಟ್ಟರು. 2019ರಲ್ಲಿ ಅದೇ ರಾಜ್ಯದ ವೈಶಾಲಿಯಲ್ಲಿ ಗುಂಡು ತಿಂದೂ ಜೀವ ಹಿಡಿದಿದ್ದ ನೀಲಗಾಯಿಯನ್ನು ಜೆಸಿಬಿಯಿಂದ ಗುಂಡಿಗೆ ತಳ್ಳಿ ಮಣ್ಣೆಳೆದರು. ಎರಡನೇ ಗುಂಡಿನ ಖರ್ಚು ಉಳಿಯಿತು.

ನಮ್ಮ ಸರ್ಕಾರದ್ದಂತೂ ಇನ್ನೂ ದೂರದ ಗುರಿ. 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮಿನ ಪ್ರಕಾರ ಬೆಳೆ ತಿನ್ನುವ ಹಂದಿಯನ್ನು ಹೊಡೆಯಲು ಅಧಿಕಾರಿಯ ಲಿಖಿತ ಅಪ್ಪಣೆ ಬೇಕು, ಕಾರಣಸಮೇತ. ಅರ್ಜಿ ಮೇಜಿನಿಂದ ಮೇಜಿಗೆ ತೆವಳುವಷ್ಟರಲ್ಲಿ ಹಂದಿ ಮರಿಹಾಕಿ, ಮರಿಗಳಿಗೂ ಕಬ್ಬಿನ ರುಚಿ ಹತ್ತಿರುತ್ತದೆ. (ತಂಬಾಕಿನ ಚಟ ಹತ್ತಿಲ್ಲ, ಅಷ್ಟರಮಟ್ಟಿಗೆ ನಮಗಿಂತ ಶಾಣ್ಯಾ.) ಅಪ್ಪಣೆ ಬಂದು ಹಂದಿ ಸತ್ತರೆ ಅದು ಸರ್ಕಾರದ ಆಸ್ತಿ. ಬದುಕಿದ್ದಾಗ ತಿಂದದ್ದು ಮಾತ್ರ ರೈತನದು.

ಬಂದೂಕು? 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯುವವನಿಗೆಂದು ಹೆಸರಿಟ್ಟು ಹೇಳಿರುವುದು ನಳಿಗೆಯ ಬಾಯಿಂದ ಮದ್ದು ಗಿಡಿಯುವ ಬಂದೂಕು. ಒಂದು ಸಲ ಹಾರಿಸಿ ಮತ್ತೆ ಗಿಡಿಯುವವರೆಗೆ ಹಂದಿ ಕಾಯಬೇಕು. ಚುನಾವಣೆ ಘೋಷಣೆಯಾದರೆ ಸಾಮಾನ್ಯವಾಗಿ ಅದನ್ನೂ ಠಾಣೆಗೆ ಒಪ್ಪಿಸಲು ಹೇಳುತ್ತಾರೆ. ನೀತಿ ಸಂಹಿತೆ ಹಂದಿಗೆ ಅನ್ವಯಿಸುವುದಿಲ್ಲ.

ಹಾಗಂತ ನಿಪ್ಪಾಣಿ ಚುರುಕಾದ ಗುಂಡನ್ನು ಕಂಡೇ ಇಲ್ಲವೆನ್ನಬೇಡಿ. 1981ರ ಏಪ್ರಿಲ್‌ನಲ್ಲಿ ತಂಬಾಕಿಗೆ ನ್ಯಾಯದ ಬೆಲೆ ಕೇಳಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ಹೆದ್ದಾರಿ ಹಿಡಿದು ಕೂತ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ರೈತರು ಸತ್ತರು. ಆ ಗುಂಡಿಗೆ ಅಪ್ಪಣೆ ಸಿಗಲು ಹಂದಿಯ ಅರ್ಜಿಗೆ ಹಿಡಿಯುವಷ್ಟು ದಿನ ಹಿಡಿಯಲಿಲ್ಲ.