‘ಹೇಗೆ ಬಂತು?’ ಎಂದು ಕೇಳುವ ಹಿತೈಷಿಗಳಿಗೊಂದು ಬಹಿರಂಗ ಪತ್ರ

ಪರಮಪೂಜ್ಯ ಹಿತೈಷಿಗಳೇ,

ಯಾರಿಗೋ ಎಚ್‌ಐವಿ ಇದೆಯಂತೆ ಎಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ ತಮ್ಮ ಬಾಯಿಂದ ಹೊರಡುವ ಮೊದಲ ಮಾತು ‘ಹೇಗೆ ಬಂತು?’ ಎಂಬುದು. ಔಷಧ ಶುರುವಾಯಿತೇ, ಊಟ ಸೇರುತ್ತಿದೆಯೇ, ಮಕ್ಕಳ ಫೀಸು ಕಟ್ಟಿದರೇ ಎಂಬಂಥ ಚಿಲ್ಲರೆ ವಿಚಾರಗಳಿಗೆ ತಾವು ತಲೆ ಕೆಡಿಸಿಕೊಳ್ಳುವವರಲ್ಲ. ಸಂಬಳವಿಲ್ಲದೆ, ಸಮನ್ಸಿಲ್ಲದೆ, ಭಾನುವಾರವೂ ಬಿಡುವಿಲ್ಲದೆ ತಾವು ನಡೆಸುವ ಈ ತನಿಖೆಗೆ ನಾಡು ಋಣಿಯಾಗಿರಬೇಕು.

ತಮ್ಮ ಕೋರ್ಟಿನಲ್ಲಿ ತೀರ್ಪುಗಳು ಎರಡೇ. ಆಸ್ಪತ್ರೆಯಲ್ಲಿ ಏರಿಸಿದ ರಕ್ತದಿಂದ ಬಂದಿದ್ದರೆ, ತಾಯಿಯಿಂದ ಮಗುವಿಗೆ ಬಂದಿದ್ದರೆ, ‘ಅಯ್ಯೋ ಪಾಪ’. ಬೇರೆ ದಾರಿಯಲ್ಲಿ ಬಂದಿದ್ದರೆ, ‘ಮಾಡಿದ್ದುಣ್ಣೋ ಮಹಾರಾಯ’. ಗಂಡನಿಂದ ಸೋಂಕು ತಗುಲಿದ ಹೆಂಡತಿಯ ಕಡತ ಮಾತ್ರ ಬಾಕಿ ಇರುತ್ತದೆ. ಗಂಡ ತೀರಿಕೊಂಡ ದಿನ ಅತ್ತೆಮನೆಯವರ ಸಾಕ್ಷ್ಯ ಪಡೆದು ಅವಳನ್ನೇ ಆರೋಪಿ ಮಾಡುತ್ತೀರಿ. ವೈರಸ್ಸಿಗೆ ಪಾಪ, ಇಷ್ಟೊಂದು ಕಾನೂನು ಜ್ಞಾನವಿಲ್ಲ. ಪತಿವ್ರತೆಯ ಮೈಯಲ್ಲೂ ಪರಸ್ತ್ರೀಯ ಮೈಯಲ್ಲೂ ಅದು ಹುಡುಕುವುದು ಸಿಡಿ4 ಎಂಬ ಬಿಳಿರಕ್ತಕಣವನ್ನೇ. ಮಾತ್ರೆಯೂ ಅಷ್ಟೇ, ನುಂಗಿದವರ ಚಾರಿತ್ರ್ಯ ವಿಚಾರಿಸದೆ ಕೆಲಸ ಶುರುಮಾಡುತ್ತದೆ. ಎರಡಕ್ಕೂ ಸಂಸ್ಕಾರ ಸಾಲದು.

ಸರ್ಕಾರಗಳೂ ಒಂದು ಕಾಲಕ್ಕೆ ತಮ್ಮ ಶಿಷ್ಯರೇ. ಪಕ್ಕದ ಗೋವಾದಲ್ಲಿ ಡೊಮಿನಿಕ್ ಡಿಸೋಜಾ ಎಂಬ ತರುಣ ರಕ್ತದಾನ ಮಾಡಲು ಹೋಗಿ ಸಿಕ್ಕಿಬಿದ್ದರು. ರಕ್ತದಲ್ಲಿ ಎಚ್‌ಐವಿ ಕಂಡಿತು. 1989ರಲ್ಲಿ ಪೊಲೀಸರು ಬಂದು ಕರೆದೊಯ್ದರು. ಕ್ಷಯರೋಗಿಗಳ ಹಳೆಯ ಆಸ್ಪತ್ರೆಯೊಂದರಲ್ಲಿ 64 ದಿನ ಕೂಡಿಹಾಕಿದರು. 1998ರಲ್ಲಿ ಸುಪ್ರೀಂ ಕೋರ್ಟ್ ಸೋಂಕಿತರ ಮದುವೆಯ ಹಕ್ಕನ್ನೇ ಅಮಾನತಿನಲ್ಲಿಟ್ಟಿತು. ಆಮೇಲೆ ಇವರಿಗೆಲ್ಲ ಏನಾಯಿತೋ ಕಾಣೆ. ಕೋರ್ಟು 2002ರಲ್ಲಿ ಆ ಮಾತನ್ನು ಹಿಂದಕ್ಕೆ ಪಡೆಯಿತು. ಸಂಸತ್ತು 2017ರಲ್ಲಿ ಕಾಯ್ದೆಯನ್ನೇ ಮಾಡಿತು, ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಾಯಿತು: ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಫಲಿತಾಂಶ ಬಯಲು ಮಾಡಬಾರದು, ಸೋಂಕಿನ ಕಾರಣಕ್ಕೆ ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ ತಪ್ಪಿಸಬಾರದು. ಎಲ್ಲರೂ ದಾರಿ ತಪ್ಪಿದರು. ತಾವೊಬ್ಬರೇ 1989ರಲ್ಲಿ ಬೇರು ಬಿಟ್ಟು ನಿಂತಿದ್ದೀರಿ.

ವಿಜ್ಞಾನಿಗಳೂ ತಮ್ಮಂತೆಯೇ ಕುತೂಹಲಿಗಳು ಎಂದು ತಿಳಿದರೆ ಸಂತೋಷವಾದೀತು. ಯುರೋಪಿನ ‘ಪಾರ್ಟ್‌ನರ್’ ಅಧ್ಯಯನದವರು ಜೋಡಿಗಳ ಹಾಸಿಗೆಯ ಲೆಕ್ಕವನ್ನೇ ಕೇಳಿದರು. ಒಬ್ಬರಿಗೆ ಸೋಂಕಿದ್ದು, ಮಾತ್ರೆಯಿಂದ ವೈರಸ್ ಹತೋಟಿಗೆ ಬಂದಿದ್ದ ಪುರುಷ ಜೋಡಿಗಳು. ಕಾಂಡೋಮ್ ಇಲ್ಲದೆ ಸುಮಾರು 76 ಸಾವಿರ ಬಾರಿ ಕೂಡಿದ ದಾಖಲೆ. ಆ ಜೋಡಿಗಳೊಳಗೆ ಒಬ್ಬರಿಂದೊಬ್ಬರಿಗೆ ದಾಟಿದ ಸೋಂಕು ಸೊನ್ನೆ. 2019ರಲ್ಲಿ ಪ್ರಕಟವಾದ ಲೆಕ್ಕವಿದು. ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ತಗ್ಗಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡದು ಎಂಬುದು ಈಗ ಜಗತ್ತು ಒಪ್ಪಿದ ಮಾತು. ಅಷ್ಟೆಲ್ಲ ಕೇಳಿಯೂ ಆ ವಿಜ್ಞಾನಿಗಳು ಒಬ್ಬರ ಹೆಸರನ್ನೂ ಊರಿಗೆ ಸಾರಲಿಲ್ಲ. ಅವರ ಕಸುಬಿಗೂ ತಮ್ಮ ಕಸುಬಿಗೂ ಅದೊಂದೇ ವ್ಯತ್ಯಾಸ.

ತಮ್ಮ ಪ್ರಶ್ನೆಯ ಸಾಧನೆಯೇನು ಕಡಿಮೆಯೇ? 2004ರಲ್ಲಿ ಉಚಿತ ಚಿಕಿತ್ಸೆ ಮೊದಲು ಶುರುವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೂ ಜನ ಸ್ವಂತ ಊರಿನ ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರದ ಸಾಲಿನಲ್ಲಿ ತಮ್ಮ ಕಣ್ಣಿಗೆ ಬಿದ್ದುಬಿಟ್ಟರೆ ಎಂಬ ಭಕ್ತಿಯಿಂದ ಪಕ್ಕದ ಜಿಲ್ಲೆಯ ಬಸ್ಸು ಹತ್ತುತ್ತಾರೆ. ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯಿದೆ; ಗಂಡಸರ ಟಿಕೆಟ್ಟಿನಿಂದ ಸಾರಿಗೆ ನಿಗಮಕ್ಕೆ ಬರುವ ಲಾಭವೆಲ್ಲ ತಮ್ಮ ಕೊಡುಗೆ. ಮನೆಗೆ ಬಂದ ಮಾತ್ರೆಗಳು ಡಬ್ಬಿ ಬದಲಿಸಿ ವಿಟಮಿನ್ ವೇಷ ತೊಡುತ್ತವೆ. ನೆಂಟರು ಬಂದ ದಿನ ವೇಷವೂ ಸಾಲದೆ ಒಂದು ಡೋಸು ತಪ್ಪುತ್ತದೆ. ಬಿಟ್ಟುಬಿಟ್ಟು ನುಂಗಿದರೆ ಔಷಧಕ್ಕೆ ಬಗ್ಗದ ವೈರಸ್ ಬೆಳೆಯುತ್ತದೆ. ವೈರಸ್ಸಿಗೆ ಇಷ್ಟು ಉಪಕಾರ ಮಾಡಿದವರು ಇನ್ನೊಬ್ಬರಿಲ್ಲ.

ತುರ್ತು ಚಿಕಿತ್ಸೆಯಲ್ಲೂ ತಮ್ಮ ಸೇವೆ ದೊಡ್ಡದು. ನರ್ಸಿಗೆ ಸೂಜಿ ಚುಚ್ಚಿರಲಿ, ಹೆಣ್ಣಿನ ಮೇಲೆ ಅತ್ಯಾಚಾರವಾಗಿರಲಿ, ಕಾಂಡೋಮ್ ಹರಿದಿರಲಿ, 72 ಗಂಟೆಯೊಳಗೆ, ಬೇಗ ಆದಷ್ಟೂ ಒಳ್ಳೆಯದು, ಪಿಇಪಿ ಮಾತ್ರೆ ಶುರುಮಾಡಿ 28 ದಿನ ನುಂಗಿದರೆ ಸೋಂಕು ತಡೆಯಬಹುದು. ಆದರೆ ‘ಹೇಗಾಯ್ತು, ಯಾರ ಜೊತೆ, ಮದುವೆಯಾಗಿದೆಯಾ’ ಎಂಬ ತಮ್ಮ ಪ್ರಶ್ನಾವಳಿಗೆ ಹೆದರಿ ಮನೆಯಲ್ಲೇ ಕುಳಿತವರ ಪಾಲಿಗೆ ಗಡಿಯಾರ ನಿಲ್ಲುವುದಿಲ್ಲ.

ತಾವು ಬೆರಳು ತೋರಿಸುವ ಲೈಂಗಿಕ ಕಾರ್ಯಕರ್ತೆಯರಾದರೂ ತೆಪ್ಪಗಿದ್ದರೇ? ಮೈಸೂರಿನಲ್ಲಿ ಆಶೋದಯ ಸಮಿತಿ ಕಟ್ಟಿಕೊಂಡು ತಾವೇ ಕಾಂಡೋಮ್ ಹಂಚಿದರು, ಜೊತೆಗಾತಿಯರನ್ನು ಪರೀಕ್ಷೆಗೆ ಕರೆದೊಯ್ದರು, ಸೋಂಕಿದ್ದವರನ್ನು ಚಿಕಿತ್ಸೆಯಲ್ಲಿ ಉಳಿಸಿದರು. ಸೋಂಕು ಬಾರದಂತೆ ಮೊದಲೇ ನುಂಗುವ ಪ್ರೆಪ್ ಮಾತ್ರೆಯನ್ನು ಭಾರತದಲ್ಲಿ ಪ್ರಯೋಗಿಸಿ ನೋಡಿದವರಲ್ಲಿ ಅವರೂ ಮುಂಚೂಣಿಯವರು. ಮರ್ಯಾದಸ್ಥರು ಮಾಡಬೇಕಾದ ಕೆಲಸವನ್ನು ತಾವು ತನಿಖೆಯಲ್ಲಿ ಮುಳುಗಿದ್ದ ಹೊತ್ತಿನಲ್ಲಿ ಅವರು ಮಾಡಿ ಮುಗಿಸಿದ್ದು ಶುದ್ಧ ಅಧಿಕಪ್ರಸಂಗ.

ಇಷ್ಟು ನಿಷ್ಠೆಯ ಪ್ರಶ್ನಾಕರ್ತರು ದೇಶಕ್ಕೆ ಬೇಕು, ವಿಳಾಸ ಮಾತ್ರ ಬದಲಾಗಬೇಕು. 2022ರ ಜುಲೈನಲ್ಲಿ ಮಾತ್ರೆಗಳ ದಾಸ್ತಾನು ಕುಸಿದಾಗ ಎಚ್‌ಐವಿ ಜೊತೆ ಬದುಕುವವರು ದೆಹಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಕಚೇರಿಯೆದುರು ತಿಂಗಳಿಗೂ ಹೆಚ್ಚು ಕಾಲ ಧರಣಿ ಕೂತರು. ‘ಮಾತ್ರೆ ಯಾವಾಗ ಬರುತ್ತೆ?’ ಎಂದು ಕೇಳಲು ಅಲ್ಲಿ ತಾವಿರಲಿಲ್ಲ. 2017ರ ಕಾಯ್ದೆ ಚಿಕಿತ್ಸೆ ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ಹೊರಿಸುತ್ತಲೇ ‘ಸಾಧ್ಯವಾದಷ್ಟು’ ಎಂಬ ಕಿಂಡಿ ಬಿಟ್ಟಿದೆ. ಆ ಕಿಂಡಿಯಲ್ಲಿ ಇಣುಕಿ, ಸಾಧ್ಯವೆಂದರೆ ಎಷ್ಟು ಎಂದು ಕೇಳಿ. ನೂರು ಜನರಿರುವ ತಮ್ಮ ಕಚೇರಿಗೆ ಕಾಯ್ದೆ ವಿಧಿಸಿದ ದೂರು ಅಧಿಕಾರಿ ಬಂದರೇ ಎಂದು ಕೇಳಿ. ಇಪ್ಪತ್ತು ಜನರಿರುವ ಆಸ್ಪತ್ರೆಗೂ ಅದೇ ನಿಯಮ. ಅದೇ ಕಾಯ್ದೆಯಡಿ ದೂರು ಕೇಳಬೇಕಾದ ರಾಜ್ಯದ ಓಂಬುಡ್ಸ್‌ಮನ್ ಎಲ್ಲಿ ಕೂರುತ್ತಾರೆ, ಹೋದ ವರ್ಷ ಎಷ್ಟು ದೂರು ತೀರಿಸಿದರು ಎಂದು ಕೇಳಿ. ರಕ್ತದಲ್ಲಿನ ವೈರಸ್ ಪ್ರಮಾಣ ತಿಳಿಸುವ ವೈರಲ್ ಲೋಡ್ ವರದಿ ಎಷ್ಟು ದಿನಕ್ಕೆ ಬಂತು ಎಂದು ಕೇಳಿ. ಆಮೇಲೂ ಬಾಯಿ ತುರಿಸಿದರೆ 1097ಕ್ಕೆ ಉಚಿತವಾಗಿ ಫೋನ್ ಮಾಡಿ. ಎಚ್‌ಐವಿ ಹೇಗೆ ಬರುತ್ತದೆಂದು ಅಲ್ಲಿ ಸಾವಧಾನವಾಗಿ ಹೇಳುತ್ತಾರೆ, ಪಕ್ಕದ ಮನೆಯವರಿಗೆ ಹೇಗೆ ಬಂತೆಂದು ಮಾತ್ರ ಹೇಳುವುದಿಲ್ಲ.

ಇಂತಿ ತಮ್ಮ ವಿಧೇಯ,
ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದರೂ ‘ಹೇಗೆ ಬಂತು?’ ಎಂದು ಯಾರೂ ಕೇಳದ ಕಾರಣ ಊರಲ್ಲಿ ಮರ್ಯಾದಸ್ಥನಾಗಿ ಉಳಿದಿರುವ ಒಬ್ಬ