ಹೆಬ್ಬಗೋಡಿಯ ಲಾಡ್ಜೊಂದರಲ್ಲಿ ‘ನಮ್ಮದೇ ಹೊಲದ ಊಟ’: ಒಂದು ಪ್ರಮಾಣ ವಿಚಾರ

ಲಾಡ್ಜು ಎಂಬುದು ಮಲಗಲು ಮಂಚವನ್ನೂ, ಬೆಳಿಗ್ಗೆ 6ರಿಂದ 8ರವರೆಗೆ ಮಾತ್ರ ಬಿಸಿನೀರನ್ನೂ ಒದಗಿಸುವ ಸಂಸ್ಥೆಯೆಂಬ ಲಕ್ಷಣವನ್ನು ವಿದ್ವಾಂಸರು ಈವರೆಗೆ ನಿರಾಕ್ಷೇಪವಾಗಿ ಒಪ್ಪಿಕೊಂಡು ಬಂದಿದ್ದಾರೆ. ಆದರೆ ಹೊಸೂರು ರಸ್ತೆಯ ಹೆಬ್ಬಗೋಡಿಯಲ್ಲಿ ‘ನಮ್ಮದೇ ಹೊಲದ ರಾಗಿ, ನಮ್ಮದೇ ಸೊಪ್ಪು, ನಮ್ಮದೇ ನಾಟಿ ಕೋಳಿ’ ಎಂಬ ಬೋರ್ಡು ಹೊತ್ತ ಲಾಡ್ಜೊಂದು ಗೋಚರಿಸಿದ್ದರಿಂದ, ಈ ಲಕ್ಷಣಕ್ಕೆ ಅವ್ಯಾಪ್ತಿ ದೋಷ, ಎಂದರೆ ಹೇಳಬೇಕಾದ್ದರಲ್ಲಿ ಒಂದು ಭಾಗವನ್ನು ಹೊರಗೇ ಬಿಡುವ ದೋಷ, ತಗುಲಿದೆ. ಬೋರ್ಡಿನ ಹೇಳಿಕೆಯನ್ನು ನ್ಯಾಯಶಾಸ್ತ್ರ ಒಪ್ಪುವ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂಬ ನಾಲ್ಕು ಪ್ರಮಾಣಗಳಿಂದ ಪರೀಕ್ಷಿಸುವುದು ಈ ಪ್ರಬಂಧದ ಉದ್ದೇಶವಾಗಿದ್ದು, ಹೋಲಿಸಲು ಹೋದ ಪಕ್ಕದ ಹೋಟೆಲಿನಲ್ಲೂ ಅದೇ ಪೇಂಟರ್ ಬರೆದ ಅದೇ ಬೋರ್ಡು ಇದ್ದುದರಿಂದ ಉಪಮಾನವನ್ನು ಕೈಬಿಡಲಾಗಿದೆ.

ಶಬ್ದವೆಂದರೆ ಆಪ್ತವಾಕ್ಯ, ಅಂದರೆ ವಿಷಯ ಬಲ್ಲ ನಂಬಿಕಸ್ಥರ ಮಾತು. ‘ಸಬ್ ಅಪ್ನಾ ಹೈ ಸಾರ್’ ಎಂದು ಸಾರುವ ಹುಡುಗ ಹೋದ ವಾರವಷ್ಟೇ ಒಡಿಶಾದಿಂದ ಬಂದವನಾದ್ದರಿಂದ ಅವನ ನಂಬಿಕಸ್ಥತನವನ್ನು ಒಪ್ಪಿದರೂ ವಿಷಯಜ್ಞಾನವನ್ನು ಒಪ್ಪಲಾಗದು. ಪ್ರತ್ಯಕ್ಷದಲ್ಲಿ ಫಲ ಇದಕ್ಕಿಂತ ಮೇಲು: ಅಡುಗೆಮನೆಯ ಹಿಂದೆ ನುಗ್ಗೆಮರದ ಬುಡದಿಂದ ಕಾಂಪೌಂಡಿನವರೆಗೆ ಮೂರು ಸಾಲು ದಂಟಿನಸೊಪ್ಪು ನಿಂತಿದ್ದು, ಒಂದು ಸಾಲಿನಲ್ಲಿ ಕಿತ್ತ ಗುಂಡಿಗಳು ಇನ್ನೂ ಹಸಿಯಾಗಿವೆ. ಬೇಯಿಸಿದ ಸೊಪ್ಪು, ಕಾಳುಗಳ ನೀರನ್ನು ಬಸಿದು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಕಾಯಿಗಳನ್ನು ರುಬ್ಬಿ ಹಾಕಿ ಕುದಿಸಿದ ಬಸ್ಸಾರಿನಲ್ಲೂ, ಬಸಿದುಳಿದುದಕ್ಕೆ ಒಗ್ಗರಣೆ ಕೊಟ್ಟ ಪಲ್ಯದಲ್ಲೂ ಇದೇ ದಂಟು ಸಿಕ್ಕುವುದರಿಂದ ಸೊಪ್ಪಿನ ಸ್ವಂತಿಕೆ ಸಿದ್ಧವಾಯಿತು.

ಕೋಳಿಯ ವಿಷಯ ಅನುಮಾನಕ್ಕೆ ಸೇರಿದ್ದು. ಹೊಗೆಯಿದ್ದಲ್ಲಿ ಬೆಂಕಿ ಇರುವಂತೆ ಹುಂಜ ಕೂಗುವಲ್ಲಿ ನಾಟಿ ಕೋಳಿ ಸಾರು ಇರಬೇಕೆಂಬುದು ಪೂರ್ವಪಕ್ಷ. ಆದರೆ ಸಾರು ದಿನವೂ ಖಾಲಿಯಾಗುತ್ತಿದ್ದರೂ, ನಿಲ್ಲಿಸಿದ ಆಕ್ಟಿವಾದ ಕೆಳಗೆ ಕೆದಕುವ ಅದೇ ಕೆಂಪು ಹುಂಜ ಅವವೇ ಮೂರು ಹೇಟೆಗಳೊಡನೆ ಮರುದಿನವೂ ಹಾಜರಿರುವುದರಿಂದ, ಹುಂಜದ ಕೂಗು ಸಾರಿಗೆ ಸಾಕ್ಷಿಯಾಗುವ ಬದಲು ತಾನಿನ್ನೂ ಸಾರಾಗಿಲ್ಲವೆಂಬುದನ್ನೇ ಸಾಧಿಸುತ್ತದೆ. ಸಾಧಿಸಬೇಕಾದ್ದರ ವಿರುದ್ಧವನ್ನು ಸಾಧಿಸುವ ಇಂಥ ಹೇತುವನ್ನು ಶಾಸ್ತ್ರವು ವಿರುದ್ಧ ಹೇತ್ವಾಭಾಸವೆನ್ನುತ್ತದೆ.

ರಾಗಿಗೆ ಗಣಿತವೇ ಗತಿ. ಹಿತ್ತಿಲಲ್ಲಿ ಉಳಿದಿರುವುದು ಒಂದು ಗುಂಟೆ, ಎಂದರೆ ಎಕರೆಯ ನಲವತ್ತನೆಯ ಒಂದು ಭಾಗವಾದ 1,089 ಚದರ ಅಡಿ. 1,200 ಚದರ ಅಡಿಯ 30×40 ಸೈಟೇ ಅದಕ್ಕಿಂತ ದೊಡ್ಡದು. ಸೊಪ್ಪಿನ ಸಾಲುಗಳನ್ನು ಮರೆತು, ಎಕರೆಗೆ 10 ಕ್ವಿಂಟಲ್ ಇಳುವರಿಯೆಂದು ಉದಾರವಾಗಿ ಹಿಡಿದರೆ ಗುಂಟೆಗೆ 25 ಕಿಲೋ ರಾಗಿಯಾಗಿ, ಮುದ್ದೆಗೆ 100 ಗ್ರಾಂ ಹಿಟ್ಟಿನಂತೆ 250 ಮುದ್ದೆಗಳಾಗುತ್ತವೆ. ಬೊಮ್ಮಸಂದ್ರದ ಕಾರ್ಖಾನೆಗಳ ಪಾಳಿ ಬಿಟ್ಟವರು ಇಷ್ಟನ್ನು ಮೂರು ದಿನದಲ್ಲಿ ಮುಗಿಸುವುದರಿಂದ, ಮಿಕ್ಕ 362 ದಿನಗಳ ರಾಗಿ ಬೆಳೆಯುವ ‘ನಮ್ಮದೇ ಹೊಲ’ ದಿನಸಿ ಅಂಗಡಿಯೆಂದೇ ತಿಳಿಯತಕ್ಕದ್ದು.

ಇದಕ್ಕೆ ಐತಿಹಾಸಿಕ ಕಾರಣವುಂಟು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತದೊಡನೆ ಜಗಳಕ್ಕೆ ನಿಂತ ನರೆದಲೆಗ, ಎಂದರೆ ರಾಗಿ, ಆರು ತಿಂಗಳ ಸೆರೆಯಲ್ಲಿದ್ದೂ ಕೆಡದೆ ರಾಮನ ಮೆಚ್ಚುಗೆ ಪಡೆಯುತ್ತದೆ. ಸೆರೆಮನೆಯನ್ನೇ ಗೆದ್ದ ಈ ಧಾನ್ಯವು, 1978ರಲ್ಲಿ ಸರ್ಕಾರಿ ಸಂಸ್ಥೆಯಾದ ಕಿಯೋನಿಕ್ಸ್ ಹೆಬ್ಬಗೋಡಿಯ ಪಕ್ಕದಲ್ಲೇ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದ ಮೇಲೆ ಹೊಲಗಳಿಗೆ ಬಂದ ಭೂಪರಿವರ್ತನೆಯೆಂಬ ಕಾಗದದ ಮುಂದೆ ಸೋತಿತು; 2025ರ ಆಗಸ್ಟಿನಲ್ಲಿ ಮೆಟ್ರೊದ ಹಳದಿ ಮಾರ್ಗವೂ ತೆರೆದುದರಿಂದ ಮೇಲ್ಮನವಿಯ ಆಸೆಯೂ ಉಳಿಯಲಿಲ್ಲ.

ಆದ್ದರಿಂದ ಸಿದ್ಧಾಂತವಿದು: ಸೊಪ್ಪು ಸ್ವಂತದ್ದು, ರಾಗಿ ಕೊಂಡದ್ದು, ಕೋಳಿ ವಿಚಾರಣಾಧೀನ. ಆದರೂ ಬೋರ್ಡನ್ನು ಸುಳ್ಳೆನ್ನಲಾಗದು. ಏಕೆಂದರೆ ಊಟ ಹೊಲದ್ದಲ್ಲದಿದ್ದರೂ ಟೇಬಲ್ಲು ನಿಂತಿರುವುದು ಮಾಲೀಕರ ತಾತ ಉತ್ತ ಹೊಲದಲ್ಲೇ. ಆ ಹೊಲದ ಈಗಿನ ಬೆಳೆ ಮೂರು ಅಂತಸ್ತಿನ ರೂಮುಗಳಾಗಿದ್ದು, ಮುಂಗಾರು ಕೈಕೊಟ್ಟರೂ ದಿನಂಪ್ರತಿ ಸುಗ್ಗಿ ಕೊಡುವ, ಕಳೆ ಕೀಳುವ ಕಾಟವೇ ಇಲ್ಲದ ಈ ತಳಿಯನ್ನು ಯಾವ ಕೃಷಿ ವಿಶ್ವವಿದ್ಯಾಲಯವೂ ಇನ್ನೂ ಬಿಡುಗಡೆ ಮಾಡಿಲ್ಲ.