ಕಾಲರೆತ್ತುವಿಕೆ: ಒಂದು ಬಹುಶಿಸ್ತೀಯ ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು ಅಂಗಿಯ ಕಾಲರನ್ನು ಕುತ್ತಿಗೆಯ ಹಿಂಬದಿಯಲ್ಲಿ ಊರ್ಧ್ವಮುಖಗೊಳಿಸುವ ಕ್ರಿಯೆಯನ್ನು (ಇನ್ನು ಮುಂದೆ ‘ಕಾ.ಎ.’) ಜನಪ್ರಿಯ ಸಂಸ್ಕೃತಿಯ ಪರಿಪ್ರೇಕ್ಷ್ಯದಲ್ಲಿಟ್ಟು, ಅದರ ದೇಹಮೀಮಾಂಸೆಯ ನೆಲೆಗಳನ್ನು ಶೋಧಿಸುವ, ಶೋಧಿಸುತ್ತಲೇ ಆ ನೆಲೆಗಳನ್ನು ಪ್ರಶ್ನಿಸುವ, ಪ್ರಶ್ನಿಸುತ್ತಲೇ ಊಟದ ಹೊತ್ತಿಗೆ ಮುಗಿಸುವ ಒಂದು ವಿನಮ್ರ ಪ್ರಯತ್ನವಾಗಿರುತ್ತದೆ. ಕಾ.ಎ. ಎಂಬುದು ಬರಿಯ ಕಾಲರಿನ ಪ್ರಶ್ನೆಯಲ್ಲ. ಅದು ಕುತ್ತಿಗೆಯ ಪ್ರಶ್ನೆಯೂ ಹೌದು ಎಂಬುದನ್ನು ಈ ಹಂತದಲ್ಲಿ ಗಮನಿಸಬಹುದಾಗಿರುತ್ತದೆ.

ಅಧ್ಯಯನದ ವ್ಯಾಪ್ತಿಯು ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳಿಂದ ಹಿಡಿದು ಹೋಬಳಿ ಕೇಂದ್ರದ ಸಲೂನಿನವರೆಗೆ ಚಾಚಿಕೊಂಡಿದೆ. ಮಿತಿ ಎಂದರೆ ಮಂಡನೆಗೆ ಕೊಟ್ಟಿರುವ ಹತ್ತು ನಿಮಿಷ, ಅದರಲ್ಲಿ ಏಳು ವೇದಿಕೆಯ ಗಣ್ಯರನ್ನು ಹೆಸರು ಹಿಡಿದು ಸ್ಮರಿಸುವುದಕ್ಕೆ ಹೋಗುತ್ತದೆ. ಪ್ರಾಕ್ಕಲ್ಪನೆ ಹೀಗಿದೆ: ಮಾರ್ನಿಂಗ್ ಷೋ ಮುಗಿಸಿ ಹೊರಬಂದ ವ್ಯಕ್ತಿಯು ಒಳಹೋದ ವ್ಯಕ್ತಿಗಿಂತ ಭುಜದ ಅಳತೆಯಲ್ಲಿ ತುಸು ಅಗಲವಾಗಿರುತ್ತಾನೆ. ಈ ಅಗಲ ಎಲ್ಲಿಂದ ಬಂತು, ಎಷ್ಟು ಹೊತ್ತು ಉಳಿಯುತ್ತದೆ, ಮನೆಯ ಬಾಗಿಲಲ್ಲಿ ಅಪ್ಪನ ಮುಖ ಕಂಡೊಡನೆ ಎಲ್ಲಿಗೆ ಹೋಗುತ್ತದೆ ಎಂಬುದೇ ನಮ್ಮ ಸಂಶೋಧನಾ ಸಮಸ್ಯೆ.

ಇನ್ನು ವರ್ಗೀಕರಣ. ತಾರಾಜನ್ಯ ಸ್ಫೂರ್ತಿಯನ್ನು ಹನ್ನೆರಡು ವರ್ಗಗಳಾಗಿ ವಿಂಗಡಿಸಬಹುದಾಗಿದೆ.

ಅ) ಕೇಶೀಯ ಸ್ಫೂರ್ತಿ. ಇದರ ಚರಿತ್ರೆಯನ್ನು ಗಡ್ಡಪೂರ್ವ, ಗಡ್ಡೋತ್ತರ ಎಂಬ ಎರಡು ಯುಗಗಳಲ್ಲಿ ಪರಿಭಾವಿಸಬೇಕಾಗುತ್ತದೆ. ನಡುವಿನ ಗೆರೆ 2018ರ ಡಿಸೆಂಬರ್, ಯಶ್ ಅವರ ‘ಕೆಜಿಎಫ್’ ತೆರೆಕಂಡ ತಿಂಗಳು. ಅದಕ್ಕೂ ಮುಂಚೆ ಗಡ್ಡ ಬಿಟ್ಟವನನ್ನು ಕಂಡ ನೆಂಟರು ‘ಶಬರಿಮಲೆಗಾ?’ ಅನ್ನುತ್ತಿದ್ದರು, ಇಲ್ಲವೇ ‘ಹುಡುಗಿ ಕೈಕೊಟ್ಟಳಾ?’ ಅನ್ನುತ್ತಿದ್ದರು. ಆಮೇಲೆ ಕೇಳುವುದನ್ನೇ ಬಿಟ್ಟರು. ಸಲೂನಿನ ಕಸುಬು ಬೋಳಿಸುವ ನೆಲೆಯಿಂದ ಸೆಟ್ ಮಾಡುವ ನೆಲೆಗೆ ಸ್ಥಿತ್ಯಂತರಗೊಂಡಿತು. ರೇಟೂ ಊರ್ಧ್ವಮುಖವಾಯಿತು.

ಆ) ಮಣಿಕಟ್ಟೀಯ ಸ್ಫೂರ್ತಿ. ಇದರ ಮೂಲ ಆಕರ ವಿಷ್ಣುವರ್ಧನ್ ಅವರ ಕಡಗ. ಕಡಗವನ್ನು ಮುಂಗೈ ಮೇಲಕ್ಕೆ ಸರಿಸಿಕೊಂಡು ಮಾತು ಶುರುಮಾಡುವವನಿಗೂ ಸುಮ್ಮನೆ ಮಾತು ಶುರುಮಾಡುವವನಿಗೂ ಇರುವ ವ್ಯತ್ಯಾಸವನ್ನು ನಾನು ‘ಕಡಗಾಂತರ’ ಎಂದು ಕರೆದಿದ್ದೇನೆ. ಈ ಪರಿಕಲ್ಪನೆಯನ್ನು ಬಳಸುವವರು ನನ್ನ ಹೆಸರು ಹಾಕಬೇಕಾಗಿ ವಿನಂತಿ.

ಇ) ವಸ್ತ್ರೀಯ ಸ್ಫೂರ್ತಿ. ಇಲ್ಲೊಂದು ಗಂಭೀರ ವೈರುಧ್ಯವಿದೆ. 1968ರಲ್ಲಿ ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ ಬಂತು, ರಾಜ್‌ಕುಮಾರ್ ಸೂಟು ತೊಟ್ಟು ಸಿಐಡಿ 999 ಆದರು. ಹತ್ತು ವರ್ಷ ಕಳೆದು ‘ಆಪರೇಷನ್ ಡೈಮಂಡ್ ರಾಕೆಟ್’ ಬರುವ ಹೊತ್ತಿಗೆ ಊರೂರಿನ ಹುಡುಗರು ಬೆಲ್ ಬಾಟಮ್ ಪ್ಯಾಂಟಿಗೆ ಕೆಳಗಡೆ ಎಷ್ಟು ಇಂಚು ಬಿಡಬೇಕೆಂದು ಟೈಲರನ ಜೊತೆ ಜಗಳಕ್ಕೆ ನಿಂತಿದ್ದರು. ಆದರೆ ಆ ಮನುಷ್ಯ ಪರದೆಯಿಂದ ಇಳಿದರೆ ಬಿಳಿ ಪಂಚೆ, ಬಿಳಿ ಶರಟು. ಹಾಗಾದರೆ ಅಭಿಮಾನಿಯಾದವನು ಯಾರನ್ನು ಅನುಸರಿಸಬೇಕು, ಪರದೆಯ ರೂಪಕವನ್ನೋ ಪರದೆಯಾಚೆಯ ವಾಸ್ತವವನ್ನೋ? ವಿದ್ವಾಂಸರು ಬಿಡಿಸಲಾಗದ ಈ ಒಗಟನ್ನು ಅಭಿಮಾನಿಗಳು ಸಲೀಸಾಗಿ ಬಗೆಹರಿಸಿಕೊಂಡರು. ಪ್ರಾಯದಲ್ಲಿ ಬೆಲ್ ಬಾಟಮ್, ಮಗಳ ಮದುವೆ ಹೊತ್ತಿಗೆ ಪಂಚೆ.

ಈ) ತ್ರಿಚಕ್ರೀಯ ಸ್ಫೂರ್ತಿ. ಶಂಕರ್ ನಾಗ್ ಅವರ ‘ಆಟೋ ರಾಜ’ ಬಂದದ್ದು 1980ರಲ್ಲಿ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದು ವರ್ಷ. ಇವತ್ತು ಆಟೋದ ಹಿಂದೆ ಅವರ ಚಿತ್ರ ಅಂಟಿಸಿಕೊಂಡು ಓಡಾಡುವ ಎಷ್ಟೋ ಹುಡುಗರು ಆಗ ಹುಟ್ಟಿಯೇ ಇರಲಿಲ್ಲ. ‘ಮಾಲ್ಗುಡಿ ಡೇಸ್’ ನಿರ್ದೇಶಿಸಿದವರು, ಬೆಂಗಳೂರಿಗೆ ರೆಕಾರ್ಡಿಂಗ್ ಸ್ಟುಡಿಯೋ ತಂದವರು ಎಂಬ ಸಂಗತಿಗಳು ಸ್ಟ್ಯಾಂಡಿನಲ್ಲಿ ಮುಖ್ಯವಲ್ಲ. ಖಾಕಿ ಅಂಗಿ ಹಾಕಿಕೊಂಡು ಹೀರೋ ಆಗಬಹುದು ಎಂದು ತೋರಿಸಿಕೊಟ್ಟರಲ್ಲ, ಅದು ಮುಖ್ಯ.

ಈ ವರ್ಗವನ್ನು ಕುರಿತೇ ಒಂದು ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಪ್ರಬಂಧ ಕೇಳುವ ಯೋಗ ನನಗೆ ಒದಗಿತ್ತು. ‘ಚಾಲಕ ಕರ್ತೃತ್ವ ಮತ್ತು ತಾರಾದೇಹದ ಮರುಸ್ಥಾಪನೆ’ ಅಂತಲೋ ಏನೋ ಹೆಸರು. ಫ್ರಾನ್ಸಿನ ಮೂವರು ಚಿಂತಕರು ಬಂದು ಹೋದರು. ಆಟೋ ಓಡಿಸುವವನೊಬ್ಬನ ಒಂದು ಮಾತೂ ಬರಲಿಲ್ಲ. ಮಂಡಿಸಿದ ಮಹನೀಯರು ಬೆಳಿಗ್ಗೆ ಬಂದಿಳಿದದ್ದು ಆಟೋದಲ್ಲೇ. ಮೀಟರಿನ ಮೇಲೆ ಹತ್ತು ರೂಪಾಯಿ ಕೇಳಿದ್ದಕ್ಕೆ ಕಾಲೇಜು ಗೇಟಿನಲ್ಲಿ ರಂಪ ಮಾಡುತ್ತಿದ್ದರು. ಹಿಂಬದಿಯ ಗಾಜಿನ ಮೇಲೆ ಶಂಕರಣ್ಣ ನಗುತ್ತಿದ್ದರು. ಕರ್ತೃತ್ವ ಅಲ್ಲೇ ಇತ್ತಲ್ಲ ಸ್ವಾಮಿ, ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು.

ಉ) ಪಾದರಕ್ಷೀಯ, ಊ) ಕನ್ನಡಕೀಯ... ಇನ್ನೂ ಆರು ವರ್ಗಗಳಿವೆ. ಯಾರಿಗೆ ಬೇಕು, ಬಿಡಿ.

ಆ ಸಂಕಿರಣದಲ್ಲಿ ನನಗೆ ಸಿಟ್ಟು ಬಂದದ್ದು ಕಠಿಣ ಪದಗಳ ಮೇಲಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ಅತಿಥಿ ಉಪನ್ಯಾಸಕಿ ಕೂತಿದ್ದರು. ಗೌರವಧನ ಬಂದು ತಿಂಗಳುಗಳಾಗಿದ್ದವು. ಆದರೂ ನೋಂದಣಿ ಶುಲ್ಕ ಕಟ್ಟಿದ್ದರು, ಐಎಸ್‌ಎಸ್‌ಎನ್ ಸಂಖ್ಯೆಯುಳ್ಳ ಪತ್ರಿಕೆಯಲ್ಲಿ ಅಚ್ಚಾಗಲು ಬೇರೆ ದುಡ್ಡು ಕಟ್ಟಿದ್ದರು, ಪ್ರಮಾಣಪತ್ರಕ್ಕಾಗಿ ಸಂಜೆಯವರೆಗೂ ಕಾಯುತ್ತಿದ್ದರು. ಟೀ ವಿರಾಮದಲ್ಲಿ ಮಾತು ಮಾಲಾಶ್ರೀ ಕಡೆಗೆ ಹೊರಳಿತು. ಹೈಸ್ಕೂಲಿನಲ್ಲಿದ್ದಾಗ ಟೆಂಟಿನಲ್ಲಿ ‘ಎಸ್.ಪಿ. ಭಾರ್ಗವಿ’ ನೋಡಿಬಂದ ಮಾರನೆಯ ದಿನ, ದಿನಾ ಚುಡಾಯಿಸುತ್ತಿದ್ದ ಹುಡುಗನ ಮುಂದೆ ಸೈಕಲ್ ನಿಲ್ಲಿಸಿ, ಕಾಲು ನೆಲಕ್ಕೆ ಊರಿ, ‘ಏನೋ?’ ಅಂದರಂತೆ. ಅಷ್ಟೇ. ಅವನು ಮತ್ತೆ ಆ ದಾರಿಯಲ್ಲಿ ಕಾಣಲಿಲ್ಲವಂತೆ.

‘ಇದನ್ನ ಪ್ರಬಂಧದಲ್ಲಿ ಯಾಕೆ ಬರೀಲಿಲ್ಲ ಮೇಡಂ?’ ಎಂದೆ.

‘ಅಯ್ಯೋ, ಇದಕ್ಕೆ ಆಕರ ಎಲ್ಲಿದೆ ಸಾರ್?’

ಅವರು ಬರೆದು ತಂದಿದ್ದದ್ದು ಹೆಣ್ಣು ನೋಟದ ಅಪನಿರ್ಮಾಣದ ಬಗ್ಗೆ. ಓದುವಾಗ ನಾಲ್ಕು ಕಡೆ ತಡವರಿಸಿದರು, ಅಧ್ಯಕ್ಷರು ಎರಡು ಸಲ ಗಂಟೆ ಬಾರಿಸಿದರು. ಆ ಸೈಕಲ್ಲಿನ ಕಥೆ ಅದೇ ಬಾಯಲ್ಲಿ ಎಷ್ಟು ಸರಾಗವಾಗಿ ಬಂದಿತ್ತು! ತಾನು ಕಂಡುಂಡದ್ದು ಜ್ಞಾನವಲ್ಲ ಎಂದು ಆಕೆಗೆ ಕಲಿಸಿದವರು ಯಾರು? ಅದಕ್ಕೆ ಆಕೆಯಿಂದಲೇ ಶುಲ್ಕ ಕಟ್ಟಿಸಿಕೊಂಡದ್ದು ಯಾವ ನ್ಯಾಯ?

ಅಭಿಮಾನಿಗಳದು ಅಂಧಾನುಕರಣೆ ಎಂದು ತೀರ್ಪು ಕೊಟ್ಟ ಆ ವೇದಿಕೆಯನ್ನು ನೀವು ನೋಡಬೇಕಿತ್ತು. ಖಾದಿ ಜುಬ್ಬಾ, ಬಗಲಚೀಲ, ಅನಂತಮೂರ್ತಿಯವರ ಗಡ್ಡ. ಮಾತಿನ ನಡುವೆ ಕಣ್ಣುಮುಚ್ಚಿ ಯೋಚಿಸುವ ಭಂಗಿಯೂ ಯಾರದೋ ಎರವಲು. ನಾನೇನು ತಪ್ಪು ಅನ್ನುತ್ತಿಲ್ಲ. ತೇಜಸ್ವಿಯವರನ್ನು ಓದಿ ಕ್ಯಾಮೆರಾ ಕೊಂಡು, ಹ್ಯಾಟು ಹಾಕಿ, ಮೂಡಿಗೆರೆ ಕಡೆಯ ಹಳ್ಳದಲ್ಲಿ ಗಾಳ ಬಿಟ್ಟು ಕೂತವರು ನನ್ನ ಗೆಳೆಯರಲ್ಲೇ ಇದ್ದಾರೆ. ಮೀನು ಬೀಳಲಿಲ್ಲ. ಆದರೆ ಅಲ್ಲಿಯವರೆಗೆ ಕಾಗೆ-ಗುಬ್ಬಿ ಬಿಟ್ಟರೆ ಬೇರೇನೂ ಗೊತ್ತಿಲ್ಲದವರು ಮಡಿವಾಳ ಹಕ್ಕಿಯನ್ನು ಕೂಗಿನಿಂದಲೇ ಗುರುತಿಸುತ್ತಾರೆ. ಹ್ಯಾಟಿನಿಂದ ಶುರುವಾದದ್ದು ಕಿವಿಗೆ ಬಂತು.

ಕಣ್ಣಿಗೂ ಬಂತು. 1994ರಲ್ಲಿ ತಮ್ಮ ಹೆಸರಿನ ನೇತ್ರ ಬ್ಯಾಂಕ್ ಶುರುವಾದಾಗ ರಾಜ್‌ಕುಮಾರ್ ಇಡೀ ಕುಟುಂಬದ ನೇತ್ರದಾನಕ್ಕೆ ಮಾತು ಕೊಟ್ಟಿದ್ದರು. 2006ರ ಏಪ್ರಿಲ್‌ನಲ್ಲಿ ಅವರ ಕಣ್ಣುಗಳು, 2021ರ ಅಕ್ಟೋಬರ್ 29ರಂದು ಪುನೀತ್ ಕಣ್ಣುಗಳು ದಾನವಾದವು. ಪುನೀತ್ ಅವರ ಕಾರ್ನಿಯಾಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆಮೇಲೆ ಅದೇ ಅಂಧಾನುಕರಣೆಯ ಹುಡುಗರು, ಅಪ್ಪು ಥರ ಡ್ಯಾನ್ಸ್ ಮಾಡಲು ಹೋಗಿ ಮೊಣಕಾಲು ಕೆತ್ತಿಸಿಕೊಂಡವರು, ನೇತ್ರದಾನದ ಅರ್ಜಿ ತುಂಬಲು ಮುಗಿಬಿದ್ದರು. ಇದನ್ನು ಹನ್ನೆರಡರಲ್ಲಿ ಯಾವ ವರ್ಗಕ್ಕೆ ಸೇರಿಸಲಿ? ‘ನೇತ್ರೀಯ ಸ್ಫೂರ್ತಿ’ ಎಂದು ಬರೆದು ನೋಡಿದೆ, ನನಗೇ ಹೇಸಿಗೆಯಾಗಿ ಹೊಡೆದುಹಾಕಿದೆ.

ಸಂಘಟಕರಲ್ಲಿ ವಿನಂತಿ. ಮುಂದಿನ ಸಲ ಶಿಖರೋಪನ್ಯಾಸಕ್ಕೆ ಸಲೂನಿನವರನ್ನು ಕರೆಯಿರಿ, ಅಂಗಡಿ ಮುಚ್ಚಿ ಬರಬೇಕಾದ್ದರಿಂದ ದಿನದ ಸಂಪಾದನೆಯನ್ನೂ ಕಟ್ಟಿಕೊಡಿ. ಸೈಕಲ್ಲಿನ ಕಥೆ ಹೇಳುವ ಮೇಡಂ ಅವರಿಗೆ ಗಂಟೆ ಬಾರಿಸಬೇಡಿ. ಇನ್ನು ಈ ಪ್ರಬಂಧವನ್ನು ಅಚ್ಚು ಹಾಕಲು ಇಚ್ಛಿಸುವ ಐಎಸ್‌ಎಸ್‌ಎನ್ ಪತ್ರಿಕೆಗಳು ಧಾರಾಳವಾಗಿ ಹಾಕಬಹುದು. ದುಡ್ಡು ಆ ಕಡೆಯಿಂದ ಈ ಕಡೆಗೆ ಬರತಕ್ಕದ್ದು.